ಹೆಬ್ಬೆಟ್ಟು ಮತ್ತು ವಕಾಲತ್ತು

ನಮ್ಮ ಅಜ್ಜಿಗೆ ಕೋರ್ಟು, ಪೊಲೀಸ್ ಠಾಣೆ, ಜೈಲು ಮೂರೂ ಒಂದೇ. 'ಅವನು ಕೋರ್ಟಿಗೆ ಹೋದ' ಅಂದರೆ ಅವಳ ಮಾತಿನಲ್ಲಿ ಅವನನ್ನು ಹಿಡಿದುಕೊಂಡು ಹೋದರು ಅಂತಲೇ ಅರ್ಥ. ಹೀಗಾಗಿ ನನ್ನ ತಂಗಿ ಎಲ್‌ಎಲ್.ಬಿ. ಮುಗಿಸಿ ಬಂದು 'ಇನ್ಮೇಲೆ ದಿನಾ ಕೋರ್ಟಿಗೆ ಹೋಯ್ತೀನಿ ಕಣಜ್ಜಿ' ಎಂದಾಗ ಅಜ್ಜಿಯ ಮುಖ ಸಣ್ಣಗಾಯಿತು. 'ನೀನೇನ್ ತಪ್ಪು ಮಾಡ್ದವ್ವ?' ಎಂದು ಕೇಳಿದಳು. ನಾವೆಲ್ಲ ನಕ್ಕುಬಿಟ್ಟೆವು. ಆದರೆ ನಾನು ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುವವನು. ನಗು ಮುಗಿದ ಮೇಲೂ ಆ ಪ್ರಶ್ನೆ ತಲೆಯಲ್ಲೇ ಉಳಿಯಿತು. ಅಜ್ಜಿ ತಪ್ಪು ತಿಳಿದಿರಲಿಲ್ಲ.

ಈ ಲೇಖನಕ್ಕೆ ಇನ್ನೊಂದು ನೆಪವೂ ಇದೆ. ತಂಗಿ ವಕೀಲಳಾದ ಮೇಲೆ ಕೈಗೆತ್ತಿಕೊಂಡ ಮೊದಲ ಕೆಲಸಗಳಲ್ಲಿ ಒಂದು ನಮ್ಮ ತಾತನ ಜಮೀನಿನ ಅರ್ಜಿ. ಅದನ್ನು ಬರೆಯುತ್ತಾ ಕೂತವಳು ಒಂದು ಕಡೆ ನಿಂತಳು. 'ಅಣ್ಣ, ಇಷ್ಟು ವರ್ಷ ತಡ ಯಾಕಾಯ್ತು ಅಂತ ಒಂದು ಪ್ಯಾರಾ ಬರೀಬೇಕು. ನೀನು ಹಿಸ್ಟರಿಯವನಲ್ವಾ, ಬರ್ಕೊಡು' ಅಂದಳು. ಒಂದು ಪ್ಯಾರಾ ಬರೆಯಲು ಕೂತವನು ಇಷ್ಟು ಪುಟ ಬರೆದೆ. ಅರ್ಜಿಗೆ ಇದು ಬೇಡವಾಯಿತು. ಈ ಸಂಚಿಕೆಗೆ ಆಗಬಹುದು ಅನ್ನಿಸಿತು. ದಲಿತ ವಿಮರ್ಶೆ ಎಂದು ನಾವು ಇದುವರೆಗೆ ಕರೆದಿರುವುದು ಬಹುಪಾಲು ಕವಿತೆ, ಕಥೆ, ಆತ್ಮಕಥೆಗಳ ಓದನ್ನು. ನಮ್ಮವರ ಬದುಕನ್ನು ಯಾವ ಕಾವ್ಯಕ್ಕಿಂತಲೂ ಹೆಚ್ಚಾಗಿ ಅಲುಗಾಡಿಸಿದ ಬರಹಗಳು ಬೇರೆ ಇವೆ: ಮುಂಗಡದ ಚೀಟಿ, ಸಾಗುವಳಿ ಚೀಟಿ, ಕ್ರಯಪತ್ರ, ಕೋರ್ಟಿನ ಆದೇಶ. ಇವುಗಳಲ್ಲಿ ನಾವು ಪಾತ್ರಗಳಾಗಿ ಬರುತ್ತೇವೆ, ಕೊನೆಯಲ್ಲಿ ಹೆಬ್ಬೆಟ್ಟಾಗಿ ಬರುತ್ತೇವೆ. ಬರೆದವರಾಗಿ ಮಾತ್ರ ಬರುವುದಿಲ್ಲ. ಈ ಪಠ್ಯಗಳನ್ನು ನಮ್ಮ ವಿಮರ್ಶೆ ಓದಿಲ್ಲ ಎಂಬುದು ನನ್ನ ತಕರಾರು.

ಈಗಿನ ಸಕಲೇಶಪುರ ಹಳೆಯ ದಾಖಲೆಗಳಲ್ಲಿ ಮಂಜರಾಬಾದ್ ತಾಲ್ಲೂಕು. ಟಿಪ್ಪು ಕಟ್ಟಿಸಿದ ನಕ್ಷತ್ರಾಕಾರದ ಕೋಟೆಯ ಹೆಸರೇ ಸೀಮೆಗೂ ನಿಂತಿತ್ತು. ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಮಂಜರಾಬಾದಿನ ಗೌಡ, ಪಟೇಲರ ಮನೆಗಳ ಬಗ್ಗೆ ಬರೆಯುವಾಗ ಎರಡು ಮಾತು ಬಳಸುತ್ತಾರೆ, ಹುಟ್ಟಾಳು ಮತ್ತು ಮಣ್ಣಾಳು. ಮನೆಗೆ ಅಂಟಿಕೊಂಡು ಹುಟ್ಟಿದವನು ಹುಟ್ಟಾಳು, ಮಣ್ಣಿಗೆ ಅಂಟಿಕೊಂಡವನು ಮಣ್ಣಾಳು. ಎಂಥ ಅಚ್ಚಗನ್ನಡದ ಮಾತುಗಳು ನೋಡಿ! ನಮ್ಮ ನಿಘಂಟು ಪ್ರಿಯರು ಇವುಗಳ ಚೆಲುವನ್ನು ಹೊಗಳಬಹುದು. ನಮಗೆ ಅವು ವಂಶಾವಳಿ.

ಈ ಗುಡ್ಡಗಳಿಗೆ ಕಾಫಿ ಬಂದದ್ದು 1843ರಲ್ಲಿ. ದಕ್ಷಿಣ ಮಂಜರಾಬಾದಿನ ಐಗೂರಿನ ಹತ್ತಿರ ಗ್ರೀನ್ ಎಂಬ ಯುರೋಪಿಯನ್ ತೋಟ ಹಾಕಿದ. ಅದೇ 1843ರಲ್ಲೇ ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ತನ್ನ ಆಳ್ವಿಕೆಯ ಪ್ರದೇಶಗಳಲ್ಲಿ ಗುಲಾಮಗಿರಿಗೆ ಕೋರ್ಟುಗಳು ಮಾನ್ಯತೆ ಕೊಡಕೂಡದು ಎಂಬ ಕಾಯ್ದೆ ಮಾಡಿತ್ತು. ಇವೆರಡೂ ಒಂದೇ ವರ್ಷ ಆದದ್ದು ಕಾಕತಾಳೀಯ ಇರಬಹುದು. ಆದರೆ ಮುಂದಿನದು ಕಾಕತಾಳೀಯವಲ್ಲ. ಆಳನ್ನು ಜಾತಿಯ ಹೆಸರಿನಲ್ಲಿ ಕಟ್ಟಿಹಾಕುವುದು ಕಷ್ಟವಾದಾಗ ಸಾಲದ ಹೆಸರಿನಲ್ಲಿ ಕಟ್ಟಿಹಾಕುವುದಕ್ಕೆ ಕಾನೂನು ಬೇಕಾಯಿತು, ಬಂತು. 1859ರ 13ನೇ ಕಾಯ್ದೆ, ಕೆಲಸಗಾರರು ಕರಾರು ಮುರಿಯುವುದನ್ನು ತಡೆಯುವ ಕಾಯ್ದೆ. ಮುಂಗಡ ಪಡೆದ ಕೂಲಿಯವನು ಕೆಲಸಕ್ಕೆ ಬರದಿದ್ದರೆ ಮಾಲೀಕ ಮ್ಯಾಜಿಸ್ಟ್ರೇಟರಿಗೆ ದೂರು ಕೊಡಬಹುದು. ಮ್ಯಾಜಿಸ್ಟ್ರೇಟರು ದುಡ್ಡು ಹಿಂದಕ್ಕೆ ಕೊಡು, ಇಲ್ಲ ಕೆಲಸ ಮಾಡು ಎಂದು ಹುಕುಂ ಮಾಡಬಹುದು. ಎರಡೂ ಆಗದಿದ್ದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಒಬ್ಬ ಕೂಲಿ ಮತ್ತು ಒಬ್ಬ ಮಾಲೀಕನ ನಡುವಿನ ಲೇವಾದೇವಿಗೆ ಸರ್ಕಾರದ ಜೈಲು! ಕಾಫಿ, ಚಹಾ ತೋಟದವರು ದಕ್ಷಿಣ ಭಾರತದಲ್ಲಿ ಇದನ್ನು ಚೆನ್ನಾಗಿಯೇ ಬಳಸಿಕೊಂಡರು. ಈ ಕಾಯ್ದೆ ರದ್ದಾಗಲು 1925ರವರೆಗೆ ಕಾಯಬೇಕಾಯಿತು. ಕಾಯ್ದೆ ಹೋಯಿತು, ಮುಂಗಡ ಹೋಗಲಿಲ್ಲ. ಕಾಯ್ದೆಯ ಭಯವೂ ಹೋಗಲಿಲ್ಲ. ಅಜ್ಜಿ ಹುಟ್ಟುವುದಕ್ಕೆ ಮೊದಲೇ ಸತ್ತ ಕಾನೂನು ಅಜ್ಜಿಯ ಮಾತಿನಲ್ಲಿ ಬದುಕಿಕೊಂಡಿದೆ.

ಇಲ್ಲಿ ಒಂದು ಪುಸ್ತಕದ ಮಾತು ಹೇಳಬೇಕು. 1856ರಲ್ಲಿ ಮಂಜರಾಬಾದಿಗೆ ಬಂದು ನೆಲೆಸಿದ ತೋಟಗಾರ ರಾಬರ್ಟ್ ಎಲಿಯಟ್ 1871ರಲ್ಲಿ ತನ್ನ ಅನುಭವಗಳನ್ನು ಬರೆದ. ಅದರಲ್ಲಿ ಜಾತಿಪದ್ಧತಿಯ ಪರವಾದ ವಾದವೂ ಇದೆ. ಹಳ್ಳಿಯ ಜನರ ನಡತೆ ಕೆಡದಂತೆ, ಕುಡಿತಕ್ಕೆ ಬೀಳದಂತೆ ಜಾತಿ ಕಾಯುತ್ತದೆ ಎಂಬುದು ಅವನ ನಿಲುವು. ಮಿಷನರಿಗಳನ್ನು ಅವನು ಇದೇ ವಿಷಯದಲ್ಲಿ ಎದುರಿಸುತ್ತಾನೆ. ಬಿಳಿಯರು ಬಂದು ನಮಗೆ ಬಿಡುಗಡೆ ತಂದರು ಎಂದು ಸರಳವಾಗಿ ನಂಬುವ ನಮ್ಮ ಗೆಳೆಯರು ಈ ಪುಸ್ತಕ ಓದಬೇಕು. ಬಿಳಿಯರಿಂದಲೇ ಎಲ್ಲ ಕೆಟ್ಟಿತು, ಅದಕ್ಕೆ ಮೊದಲು ಊರು ಸಾಮರಸ್ಯದಲ್ಲಿತ್ತು ಎನ್ನುವ ಪಂಡಿತರು ಹುಟ್ಟಾಳು, ಮಣ್ಣಾಳು ಎಂಬ ಎರಡು ಮಾತುಗಳನ್ನಾದರೂ ಓದಬೇಕು.

ಸ್ವಾತಂತ್ರ್ಯ ಬಂದ ಮೇಲೆ ಕಾನೂನು ನಮ್ಮ ಕಡೆಗೂ ಸ್ವಲ್ಪ ತಿರುಗಿತು. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ, 1976ರ ಜೀತಮುಕ್ತಿ ಕಾಯ್ದೆ, 1989ರ ದೌರ್ಜನ್ಯ ತಡೆ ಕಾಯ್ದೆ, ಇವೆಲ್ಲ ಬಂದವು. ಇವುಗಳ ಬಗ್ಗೆ ಬೇರೆಯವರು ಬರೆದಿದ್ದಾರೆ. ನಾನು ಹೇಳಬೇಕಾದದ್ದು ಜಮೀನಿನ ಮಾತು.

ನಮ್ಮ ತಾತ ಲೈನ್ ಮನೆಯಲ್ಲೇ ಬದುಕಿ ಸತ್ತವನು. ಲೈನ್ ಮನೆ ಅಂದರೆ ಗೊತ್ತಲ್ಲ, ಕೆಲಸ ಇರುವ ತನಕ ಮನೆ. ಅಂಥವನಿಗೆ ಆಲೂರು ಕಡೆ ಎರಡು ಎಕರೆ ದರಖಾಸ್ತಿನಲ್ಲಿ ಸಿಕ್ಕಿತ್ತು. ಸಾಗುವಳಿ ಚೀಟಿಯಲ್ಲಿ ಪರಭಾರೆ ಮಾಡಕೂಡದು ಎಂಬ ಷರತ್ತಿತ್ತು. ಓದಲು ಬರದವನಿಗೆ ಷರತ್ತು ಎಂದರೆ ಏನು? ಒಂದು ಮಳೆಗಾಲ ಕಾಯಿಲೆಗೆ ದುಡ್ಡು ಬೇಕಾಯಿತು. ಹೆಬ್ಬೆಟ್ಟು ಒತ್ತಿದ. ಆ ಕ್ರಯಪತ್ರದ ನಕಲು ತಂಗಿ ಈಚೆಗೆ ತೆಗೆಸಿದಳು. ಬಿಕ್ಕಲಂ ಯಾರದ್ದು, ಸಾಕ್ಷಿ ಯಾರದ್ದು ಎಲ್ಲ ಇದೆ. ಕೊನೆಯಲ್ಲಿ ಒಂದು ಸಾಲು: ಓದಿ ಹೇಳಲಾಗಿ ಕೇಳಿ ಒಪ್ಪಿ ಹೆಬ್ಬೆಟ್ಟಿನ ಗುರುತು ಮಾಡಿರುತ್ತಾನೆ. ಕನ್ನಡ ಗದ್ಯದಲ್ಲಿ ಇದಕ್ಕಿಂತ ದೊಡ್ಡ ಕಲ್ಪಿತ ಸಾಲನ್ನು ನಾನು ಓದಿಲ್ಲ.

ಇಂಥ ಸಾವಿರಾರು ಹೆಬ್ಬೆಟ್ಟುಗಳ ಎದುರು ದೇವರಾಜ ಅರಸು ಸರ್ಕಾರ 1978ರಲ್ಲಿ ಒಂದು ಕಾಯ್ದೆ ತಂದಿತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆ ನಿಷೇಧ ಕಾಯ್ದೆ. ಆಡುಮಾತಿನಲ್ಲಿ ಪಿಟಿಸಿಎಲ್. 1979ರ ಜನವರಿ 1ರಿಂದ ಜಾರಿಗೆ ಬಂತು. ಮಂಜೂರಾತಿಯ ಷರತ್ತು ಮುರಿದ ಮಾರಾಟ ಕಾಯ್ದೆಗಿಂತ ಮೊದಲಿನದಾದರೂ ಅಸಿಂಧು, ಜಮೀನು ಹಿಂದಕ್ಕೆ. ಕೊಂಡವರು ಸುಪ್ರೀಂ ಕೋರ್ಟಿಗೆ ಹೋದರು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿ ಹಿಡಿಯಿತು. ಅರ್ಜಿ ಹೋಗಬೇಕಾದದ್ದು ಉಪವಿಭಾಗಾಧಿಕಾರಿಯ ಮುಂದೆ. ಸಕಲೇಶಪುರ, ಆಲೂರು ಎರಡು ತಾಲ್ಲೂಕಿಗೂ ಆ ಕಚೇರಿ ಸಕಲೇಶಪುರ ಪಟ್ಟಣದಲ್ಲಿದೆ. ಕಾಯ್ದೆಯ 5ನೇ ಕಲಮು ಒಂದು ಮುಖ್ಯ ಮಾತು ಹೇಳುತ್ತದೆ. ಬಾಧ್ಯಸ್ಥರು ಅರ್ಜಿ ಕೊಡಬಹುದು, ಯಾರಾದರೂ ಲಿಖಿತ ಮಾಹಿತಿ ಕೊಡಬಹುದು, ಯಾರೂ ಕೊಡದಿದ್ದರೆ ಅಧಿಕಾರಿ ತಾನಾಗಿಯೇ ವಿಚಾರಣೆ ನಡೆಸಬಹುದು. ಅಂದರೆ ಓದು ಬರಹ ಬಾರದವನ ಪರವಾಗಿ ಸರ್ಕಾರವೇ ಎದ್ದು ನಿಲ್ಲಲು ಅವಕಾಶ ಮಾಡಿಕೊಂಡಿತ್ತು. ಇದನ್ನು ನೆನಪಿಟ್ಟುಕೊಳ್ಳಿ.

2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕಾಯ್ದೆ ಬಂದು ಸುಮಾರು 25 ವರ್ಷ ಸುಮ್ಮನಿದ್ದು ಆಮೇಲೆ ಅರ್ಜಿ ಕೊಟ್ಟರೆ ಅದು ಸಮಂಜಸ ಕಾಲವಲ್ಲ ಎಂದಿತು. ಅಲ್ಲಿಂದ ಎಷ್ಟೋ ಅರ್ಜಿಗಳು ತಡದ ಕಾರಣಕ್ಕೇ ಬಿದ್ದುಹೋದವು. ಹೋರಾಟ ಆಯಿತು. 2023ರಲ್ಲಿ ಕರ್ನಾಟಕ ಸರ್ಕಾರ ತಿದ್ದುಪಡಿ ತಂದು, ಇಂಥ ಅರ್ಜಿಗೆ ಕಾಲಮಿತಿ ಇಲ್ಲ ಎಂದು ಸೇರಿಸಿತು. ಮರುವರ್ಷವೇ ಹೈಕೋರ್ಟಿನ ವಿಭಾಗೀಯ ಪೀಠವೊಂದು ಕಾಲಮಿತಿ ಬೇರೆ, ಅನುಚಿತ ವಿಳಂಬ ಬೇರೆ, ತಿದ್ದುಪಡಿಯಿಂದ ಎರಡನೆಯದು ಅಳಿಯುವುದಿಲ್ಲ ಎಂಬ ಅರ್ಥದ ತೀರ್ಪು ಕೊಟ್ಟಿತು. ಹಾಗಾಗಿ ತಂಗಿಗೆ ಆ ಒಂದು ಪ್ಯಾರಾ ಬೇಕಾಗಿತ್ತು.

ತಡ ಯಾಕಾಯಿತು ಎಂಬ ಪ್ರಶ್ನೆಯನ್ನು ಯಾರಿಗೆ ಕೇಳುತ್ತಾರೆ, ಯಾರಿಗೆ ಕೇಳುವುದಿಲ್ಲ ಎನ್ನುವುದರಲ್ಲೇ ಯಜಮಾನಿಕೆ ಇದೆ. ತಾನಾಗಿಯೇ ವಿಚಾರಣೆ ನಡೆಸಬಹುದಾಗಿದ್ದ ಸರ್ಕಾರಕ್ಕೆ ಇದನ್ನು ಕೇಳುವುದಿಲ್ಲ. ಈಚೆಗೆ ಸರ್ಕಾರಿ ಜಮೀನು ಒತ್ತುವರಿ ಮಾಡಿ ಕಾಫಿ ಹಾಕಿದವರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡಲು ಕಾನೂನು ತಿದ್ದಲಾಯಿತು. ಅವರಿಗೆ ಹಳೆಯದಾದಷ್ಟೂ ಹಕ್ಕು ಗಟ್ಟಿ. ನಮಗೆ ಹಳೆಯದಾದಷ್ಟೂ ಹಕ್ಕು ಸಡಿಲ. ಕಾಲ ಎಂಬುದು ಮೇಲಿನವರಿಗೆ ಒಂದು ರೀತಿ, ಕೆಳಗಿನವರಿಗೆ ಇನ್ನೊಂದು ರೀತಿ ಹರಿಯುತ್ತದೆ ಅನ್ನಿಸುತ್ತದೆ.

ಇದಕ್ಕೆ ಉತ್ತರ ಕೊಡಬೇಕಾದರೆ ನಮ್ಮ ಕಡೆಯಿಂದ ಒಬ್ಬ ವಕೀಲ ಹುಟ್ಟಲು ಎಷ್ಟು ಕಾಲ ಹಿಡಿಯಿತು ಎಂದು ಲೆಕ್ಕ ಹಾಕಬೇಕು. ಬಾಬಾಸಾಹೇಬರ ಉದಾಹರಣೆಯನ್ನೇ ನೋಡಿ. ಕೊಲಂಬಿಯಾ, ಲಂಡನ್ನು, ಗ್ರೇಸ್ ಇನ್ ಎಲ್ಲ ಮುಗಿಸಿ 1923ರಲ್ಲಿ ಮುಂಬಯಿಗೆ ಬಂದ ಬ್ಯಾರಿಸ್ಟರಿಗೆ ಸನ್ನದು ಪಡೆಯಲು ದುಡ್ಡಿರಲಿಲ್ಲ. ಪಾರ್ಸಿ ಗೆಳೆಯ ನವಲ್ ಭಟೇನಾ ನೆರವಾದರು. ಹೈಕೋರ್ಟಿನಲ್ಲಿ ಹೆಸರು ನೋಂದಾಯಿತು, ಆದರೆ ಕೇಸು ಕೊಡಬೇಕಾದ ಸಾಲಿಸಿಟರುಗಳು ಅಸ್ಪೃಶ್ಯ ವಕೀಲನ ಹತ್ತಿರ ಸುಳಿಯಲಿಲ್ಲ. ಕೆಳಗಿನ ಕೋರ್ಟುಗಳಲ್ಲಿ ಸಿಕ್ಕಿದ್ದನ್ನು ನಡೆಸಿದರು. ಹೊಟ್ಟೆಪಾಡಿಗೆ 1925ರಿಂದ 1928ರವರೆಗೆ ಬಾಟ್ಲಿಬಾಯ್ ಅಕೌಂಟೆನ್ಸಿ ಸಂಸ್ಥೆಯಲ್ಲಿ ವಾಣಿಜ್ಯ ಕಾನೂನಿನ ಪಾಠ ಹೇಳಿದರು. ಪಾಠ ಹೇಳಿ ಬದುಕುವ ನನಗೆ ಈ ವಿವರ ಬಹಳ ಹತ್ತಿರದ್ದು. 1926ರಲ್ಲಿ ಪುಣೆಯ ಬ್ರಾಹ್ಮಣೇತರ ನಾಯಕರ ಮೇಲಿನ ಮಾನನಷ್ಟ ಮೊಕದ್ದಮೆಯಲ್ಲಿ ಗೆದ್ದ ಮೇಲೆ ಹೆಸರು ಹರಡಿತು. ಅವರು ವಕೀಲಿ ಶುರುಮಾಡಿದ 1923ರಲ್ಲೇ ಹೆಂಗಸರೂ ವಕೀಲರಾಗಬಹುದು ಎಂಬ ಕಾಯ್ದೆ ಬಂತು ಎನ್ನುವುದು ನನ್ನ ತಂಗಿಗೆ ಬಹಳ ಇಷ್ಟವಾದ ಸಂಗತಿ.

ಮಹಾಡದ ಕೆರೆಯ ಪ್ರಸಂಗವನ್ನು ನಾವು ಹಾಡಿನಲ್ಲಿ, ಭಾಷಣದಲ್ಲಿ 1927ರ ಮಾರ್ಚ್ ತಿಂಗಳಿಗೇ ಮುಗಿಸಿಬಿಡುತ್ತೇವೆ. ಆಮೇಲಿನ ಹತ್ತು ವರ್ಷದ ಕೋರ್ಟು ನಮ್ಮ ನೆನಪಿನಲ್ಲಿ ಇಲ್ಲ. ಅದೇ ಡಿಸೆಂಬರಿನಲ್ಲಿ ಸವರ್ಣೀಯರು ಅಂಬೇಡ್ಕರರನ್ನೇ ಪ್ರತಿವಾದಿ ಮಾಡಿ ದಾವಾ ಹೂಡಿದರು, ತಡೆಯಾಜ್ಞೆ ತಂದರು. ಕೆಳಗಿನ ಕೋರ್ಟಿನ ತೀರ್ಪು 1931ರಲ್ಲಿ, ಮುಂಬಯಿ ಹೈಕೋರ್ಟಿನ ತೀರ್ಪು 1937ರ ಮಾರ್ಚ್ 17ರಂದು. ಅಸ್ಪೃಶ್ಯರನ್ನು ಹೊರಗಿಡುವ ರೂಢಿ ಅನಾದಿ ಕಾಲದ್ದು ಎಂದು ವಾದಿಗಳು ಸಾಬೀತು ಮಾಡಲಿಲ್ಲ ಎಂಬುದು ಗೆಲುವಿನ ಆಧಾರ. ಸಮಾನತೆಯ ಘೋಷಣೆ ಅಲ್ಲಿಲ್ಲ. ಇರುವುದು ಸಾಕ್ಷ್ಯದ ಕೊರತೆ ಎಂಬ ಒಣ ಮಾತು. ಆದರೆ ಎದುರಾಳಿಯ ಕೈಲಿ 'ಅನಾದಿ' ಎಂಬ ಪದವನ್ನು ಸಾಬೀತು ಮಾಡು ಎಂದು ಹಿಡಿದು ನಿಲ್ಲಿಸಿದ್ದು ದೊಡ್ಡ ವಿಮರ್ಶೆ ಅಂತ ನನಗೆ ಕಾಣುತ್ತದೆ. ಶಾಸ್ತ್ರದ ಮಾತನ್ನು ಪುರಾವೆ ಕೇಳುವ ಜಾಗಕ್ಕೆ ಎಳೆದು ತಂದದ್ದು.

ಕರ್ನಾಟಕದಲ್ಲಿ ಮಲ್ಲಿಕಾರ್ಜುನ ಖರ್ಗೆಯವರ ದಾರಿ ಎಲ್ಲರಿಗೂ ಗೊತ್ತಿದೆ. ಕಲಬುರಗಿಯ ಸೇಠ್ ಶಂಕರಲಾಲ್ ಲಾಹೋಟಿ ಕಾಲೇಜಿನಲ್ಲಿ ಕಾನೂನು ಓದಿ, ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ ಶಿವರಾಜ ಪಾಟೀಲರ ಕಚೇರಿಯಲ್ಲಿ ಜೂನಿಯರ್ ಆಗಿ, 1969ರಲ್ಲಿ ಎಂ.ಎಸ್.ಕೆ. ಮಿಲ್ಲಿನ ನೌಕರರ ಸಂಘಕ್ಕೆ ಕಾನೂನು ಸಲಹೆಗಾರರಾದರು. ಆಮೇಲೆ ರಾಜಕೀಯ. ಆ ತಲೆಮಾರಿನ ನಮ್ಮ ವಕೀಲರಿಗೆ ಕೋರ್ಟು ವಿಧಾನಸಭೆಗೆ ಹೋಗುವ ಮೆಟ್ಟಿಲಾಯಿತು. ಅದರಲ್ಲಿ ತಪ್ಪೇನಿಲ್ಲ. ಆದರೆ ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಸಾಗುವಳಿ ಚೀಟಿ ಹಿಡಿದು ಕೂತವನಿಗೆ ಬೇಕಾದ ವಕೀಲ ಮೆಟ್ಟಿಲಿನಲ್ಲೇ ಉಳಿಯುವವನು.

ತಂಗಿಯ ವಿಷಯಕ್ಕೆ ಬರುತ್ತೇನೆ. 2023ರಲ್ಲಿ ಪದವಿ ಮುಗಿಯಿತು. 1961ರ ವಕೀಲರ ಕಾಯ್ದೆಯ 24ನೇ ಕಲಮಿನ ಪ್ರಕಾರ ನೋಂದಣಿಗೆ ಸಾಮಾನ್ಯರಿಗೆ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ. ಪುಸ್ತಕದಲ್ಲಿ ಇದ್ದದ್ದು ಅಷ್ಟೇ. ಆದರೆ ದೇಶದ ಹಲವು ರಾಜ್ಯಗಳಲ್ಲಿ ಬೇರೆ ಬೇರೆ ಹೆಸರಿನಲ್ಲಿ ಸೇರಿಸಿ ಕೇಳುತ್ತಿದ್ದದ್ದು ಸಾವಿರಗಳಲ್ಲಿ. ಒಡಿಶಾದಲ್ಲಿ 42,100 ರೂಪಾಯಿ ಎಂದು ಸುಪ್ರೀಂ ಕೋರ್ಟಿನ ಮುಂದೆ ಹೋದ ಅರ್ಜಿಯಲ್ಲೇ ಇತ್ತು, ಕೇರಳದಲ್ಲಿ 20,050. ನಮ್ಮ ಅಪ್ಪ ಅವ್ವ ಕಾಫಿ ಕೊಯ್ಲು, ಮೆಣಸಿನ ಕೊಯ್ಲು ಅಂತ ದುಡಿದು ಕೂಡಿಸಿದ್ದು ಕೋಟು, ಪುಸ್ತಕಕ್ಕೇ ಸರಿಹೋಯಿತು. ಒಂದು ವರ್ಷ ಸುಮ್ಮನೆ ಕೂತಳು. 2024ರ ಜುಲೈ 30ರಂದು ಗೌರವ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯಲ್ಲಿ ಇರುವುದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳಕೂಡದು, ಹಾಗೆ ಕೇಳುವುದು ಹಿಂದುಳಿದ ಜಾತಿ ಜನರನ್ನು ಬಾಗಿಲಲ್ಲೇ ತಡೆಯುತ್ತದೆ ಎಂಬರ್ಥದಲ್ಲಿ ಹೇಳಿತು. ಮೊದಲೇ ಕಟ್ಟಿದವರಿಗೆ ವಾಪಸು ಇಲ್ಲ. ಐಚ್ಛಿಕ ಎಂಬ ಹೆಸರಿಟ್ಟೂ ವಸೂಲು ಮಾಡುವಂತಿಲ್ಲ ಎಂದು 2025ರ ಆಗಸ್ಟಿನಲ್ಲಿ ಇನ್ನೊಮ್ಮೆ ಹೇಳಬೇಕಾಯಿತು. 125 ರೂಪಾಯಿಗೆ ಅವಳು ವಕೀಲಳಾದಳು. 'ತಡ ಯಾಕಾಯ್ತು ಅನ್ನೋ ಪ್ಯಾರಾದಲ್ಲಿ ಇದನ್ನೂ ಬರೀಲಾ?' ಎಂದೆ. 'ಬೇಡ ಅಣ್ಣ, ಅಳ್ತಾವ್ರೆ ಅಂದ್ಕೋತಾರೆ' ಎಂದಳು.

ಆಮೇಲೆ ಅಖಿಲ ಭಾರತ ಬಾರ್ ಪರೀಕ್ಷೆ. ಇದು ನಮ್ಮ ಹಿರಿಯರಿಗೆ ಇರಲಿಲ್ಲ. 2011ರ ಮಾರ್ಚಿನಲ್ಲಿ ಮೊದಲ ಸಲ ನಡೆಯಿತು, 2023ರ ಫೆಬ್ರವರಿಯಲ್ಲಿ ಸಂವಿಧಾನ ಪೀಠ ಇದು ಸರಿ ಎಂದಿತು. 100 ಪ್ರಶ್ನೆ. ಕಾಯ್ದೆಯ ಪುಸ್ತಕ ಒಳಗೆ ಒಯ್ಯಬಹುದು, ಅಂಚಿನಲ್ಲಿ ಏನೂ ಬರೆದಿರಬಾರದು. ತಂಗಿಯ ಹತ್ತಿರ ಇದ್ದವೆಲ್ಲ ಅವೆನ್ಯೂ ರಸ್ತೆಯ ಹಳೇ ಪುಸ್ತಕಗಳು. ಯಾರ್ಯಾರೋ ಗೀಚಿದ ಅಂಚುಗಳು. ಸಾಲದ್ದಕ್ಕೆ 2024ರ ಜುಲೈ 1ರಿಂದ ದಂಡಸಂಹಿತೆಯೇ ಬದಲಾಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಮೂರು ವರ್ಷ ಬಾಯಿಪಾಠ ಮಾಡಿದ ಕಲಮುಗಳ ನಂಬರೆಲ್ಲ ಹೋಯಿತು. ಹೊಸ ಪುಸ್ತಕಕ್ಕೆ ಮತ್ತೆ ಸಾಲ. ಡಿಸೆಂಬರಿನಲ್ಲಿ ಬೆಂಗಳೂರಿಗೆ ಹೋಗಿ ಬರೆದಳು, ಮರುವರ್ಷ ಮಾರ್ಚಿನಲ್ಲಿ ಪಾಸು.

ಪಾಸಾದ ಮೇಲಿನದು ಯಾವ ಪರೀಕ್ಷೆಯಲ್ಲೂ ಇಲ್ಲ. ಒಂದು ಕೋರ್ಟಿನ ಬಾರ್ ರೂಮಿನಲ್ಲಿ ಮೊದಲ ದಿನ ಹಿರಿಯರೊಬ್ಬರು 'ಯಾವ ತೋಟಮ್ಮ ನಿಮ್ದು?' ಎಂದು ವಿಚಾರಿಸಿದರಂತೆ. ಇವಳು ನಾವು ವಾಸವಿರುವ ತೋಟದ ಹೆಸರು ಹೇಳಿದಳು. ಅವರು ಕುರ್ಚಿ ಎಳೆದು ಕೊಟ್ಟು 'ಸಾವ್ಕಾರ್ರು ಚೆನ್ನಾಗಿದ್ದಾರಾ?' ಎಂದರು. 'ಅವರು ಚೆನ್ನಾಗವ್ರೆ ಸಾರ್, ನಾವು ಅವರ ಲೈನಿನಲ್ಲಿರೋರು.' ಕುರ್ಚಿಯನ್ನೇನೂ ವಾಪಸು ತೆಗೆದುಕೊಳ್ಳಲಿಲ್ಲ. ಮಾತು ನಿಂತಿತು. ಮರುದಿನ ಆ ಕುರ್ಚಿಯ ಮೇಲೆ ಫೈಲುಗಳಿದ್ದವು. ಸೀನಿಯರ್ ಕೊಡುವುದು ಬಸ್ ಚಾರ್ಜು. ಜೂನಿಯರುಗಳಿಗೆ ಪಟ್ಟಣದಲ್ಲಿ ತಿಂಗಳಿಗೆ 20,000, ಹಳ್ಳಿ ಕಡೆ 15,000 ಕೊಡಿ ಎಂದು 2024ರಲ್ಲಿ ಭಾರತೀಯ ವಕೀಲರ ಪರಿಷತ್ತು ಶಿಫಾರಸು ಮಾಡಿದೆ, ಕಡ್ಡಾಯವೇನಲ್ಲ. ಪರಿಶಿಷ್ಟ ಪದವೀಧರರಿಗೆ ಸಮಾಜ ಕಲ್ಯಾಣ ಇಲಾಖೆಯ ಶಿಷ್ಯವೇತನ ಇದೆ, ಅದಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದಾಳೆ. ಕಚೇರಿಗಳಲ್ಲಿ ಕಾಯುವುದು ನಮಗೆ ಬಂದಷ್ಟು ಚೆನ್ನಾಗಿ ಇನ್ಯಾರಿಗೂ ಬರುವುದಿಲ್ಲ.

ನಾನು ಬರೆದುಕೊಟ್ಟ ಪುಟಗಳನ್ನು ಅವಳು ಆರು ಸಾಲಿಗೆ ಇಳಿಸಿದಳು. 1859 ಹೋಯಿತು, ಎಲಿಯಟ್ ಹೋದ, ಮಹಾಡ ಹೋಯಿತು. ಉಳಿದದ್ದು: ಮೂಲ ಮಂಜೂರಿದಾರ ಅನಕ್ಷರಸ್ಥ, ಕೊಂಡವರ ತೋಟದಲ್ಲೇ ಕೂಲಿ, ಅವರದೇ ಮನೆಯಲ್ಲಿ ವಾಸ, ಅವರ ವಿರುದ್ಧ ಅರ್ಜಿ ಕೊಡುವುದೆಂದರೆ ಮನೆ ಬಿಡುವುದು, 5ನೇ ಕಲಮಿನಂತೆ ಸ್ವಯಂ ವಿಚಾರಣೆಗೆ ಇದ್ದ ಅವಕಾಶವೂ ಬಳಕೆಯಾಗಿಲ್ಲ. ನನಗೆ ಸ್ವಲ್ಪ ಬೇಜಾರಾಯಿತು. ಓದಿ ನೋಡಿದರೆ ನನ್ನದಕ್ಕಿಂತ ಅದೇ ಚೆನ್ನಾಗಿತ್ತು. 'ಮನೆ ಬಿಡಿಸಿದ್ರೆ?' ಎಂದು ಅವ್ವ ಕೇಳಿದಳು. ಅದಕ್ಕೆ ತಂಗಿಯ ಹತ್ತಿರವೂ ಉತ್ತರವಿರಲಿಲ್ಲ. ಆದರೂ ಅರ್ಜಿ ಕೊಡೋದೇ ಎಂದು ಅಪ್ಪ ಹೇಳಿದ.

ತಾತ ಇಲ್ಲ, ಅರ್ಜಿದಾರಳು ಅಜ್ಜಿ. ವಕಾಲತ್ತಿಗೂ ಅರ್ಜಿಗೂ ಅಜ್ಜಿಯ ಹೆಬ್ಬೆಟ್ಟು ಬೇಕು. ಒಂದು ಭಾನುವಾರ ಸಂಜೆ ಲೈನ್ ಮನೆಯ ಜಗಲಿಯಲ್ಲಿ ತಂಗಿ ಇಂಕ್ ಪ್ಯಾಡು ಮುಂದಿಟ್ಟುಕೊಂಡು ಕೂತಳು. ಅಜ್ಜಿ ಅಭ್ಯಾಸದಂತೆ ಎಡಗೈ ಹೆಬ್ಬೆಟ್ಟು ಚಾಚಿದಳು. 'ತಾಳಜ್ಜಿ, ಮೊದ್ಲು ಓದ್ತೀನಿ' ಎಂದು ತಂಗಿ ಮೊದಲಿಂದ ಓದತೊಡಗಿದಳು. ಅರ್ಧ ಗಂಟೆಯ ಕೆಲಸ ಎರಡು ಗಂಟೆಯಾಯಿತು, ಯಾಕೆಂದರೆ ಅಜ್ಜಿ ಸಾಲು ಸಾಲಿಗೂ ತಡೆದಳು. ತಾತನ ಕಾಯಿಲೆ ಯಾವುದು, ದುಡ್ಡು ಎಷ್ಟು ಕೈಗೆ ಬಂತು, ಎಷ್ಟು ಹಳೇ ಮುಂಗಡಕ್ಕೆ ಮುರಿದುಕೊಂಡರು, ಎಲ್ಲ ಹೇಳಿದಳು. ಮುಂಗಡದ ಮಾತು ನಮಗೆ ಯಾರಿಗೂ ಗೊತ್ತಿರಲಿಲ್ಲ. ಚಕ್ಕುಬಂದಿ ಓದುವಾಗ, ಪೂರ್ವಕ್ಕೆ ಇಂಥವರ ತೋಟ ಎಂದು ಕ್ರಯಪತ್ರದಲ್ಲಿ ಇದ್ದಂತೆ ಬಂದಾಗ, ಅಜ್ಜಿ ಕೈ ಹಿಂದಕ್ಕೆಳೆದುಕೊಂಡಳು.

'ಯಾವನ್ ಬರ್ಸಿದ್ದು ಅದ? ಪೂರ್ವಕ್ಕೆ ಹಳ್ಳ. ಹಳ್ಳದಾಚೆ ಅವ್ರ ತೋಟ. ಹಳ್ಳದಿಂದ ಈಚೆಗೆ ಕಾಲುಎಕರೆ ಗದ್ದೆ ಐತೆ, ನಾನೇ ನಾಟಿ ಹಾಕಿವ್ನಿ.'

ತಂಗಿ ಆ ಹಾಳೆ ಹರಿದು ಪಕ್ಕಕ್ಕಿಟ್ಟಳು. ಮಾರನೆಯ ದಿನ ಹೊಸದಾಗಿ ಟೈಪು ಮಾಡಿಸಿ ತಂದು ಮತ್ತೆ ಮೊದಲಿಂದ ಓದಿದಳು.